ಕೂರಬಾರದ ಅಂಗಡಿ

ಆ ಬಟ್ಟೆ ಅಂಗಡಿಯಲ್ಲಿ ಕೂರುವ ಹಾಗಿಲ್ಲ. ಕೊಳ್ಳಲು ಬಂದವರಿಗೆ ಮೆತ್ತನೆಯ ಸೋಫಾ ಇದೆ. ಗಾಜಿನ ಕಿಟಕಿಯಲ್ಲಿರುವ ಬೊಂಬೆಗೂ ಒಂದು ಸ್ಟೂಲಿದೆ. ಮಾರುವ ಹೆಂಗಸರಿಗೆ ನೆಲ ಇದೆ, ಅದೂ ನಿಲ್ಲುವುದಕ್ಕೆ. ಷಟರ್ ಎತ್ತಿದಾಗ ನಿಂತವರು ಷಟರ್ ಎಳೆಯುವ ತನಕ ನಿಂತಿರಬೇಕು. ಗಿರಾಕಿ ಇಲ್ಲದಿದ್ದರೂ ನಿಂತಿರಬೇಕು. ಕಪಾಟಿಗೆ ಒರಗಿದರೆ ಕ್ಯಾಮೆರಾದಲ್ಲಿ ಕಂಡು ಕೆಳಗಿನ ಮಹಡಿಯಿಂದ ಯಜಮಾನನ ಫೋನು ಬರುತ್ತದೆ. ಹಾಗಾಗಿ ಹೆಂಗಸರು ಒಂದು ವಿದ್ಯೆ ಕಲಿತಿದ್ದರು. ಒಂದು ಕಾಲಿನ ಮೇಲೆ ಭಾರ ಹಾಕಿ ಇನ್ನೊಂದಕ್ಕೆ ಬಿಡುವು ಕೊಡುವುದು, ಆಮೇಲೆ ಅದಲು ಬದಲು ಮಾಡುವುದು. ತೀರಾ ಆಗದೇ ಹೋದರೆ ಕೆಳಗಿನ ಖಾನೆಯಲ್ಲಿ ಏನೋ ಹುಡುಕುವ ನೆಪದಲ್ಲಿ ಗಳಿಗೆ ಹೊತ್ತು ಕುಕ್ಕರುಗಾಲಲ್ಲಿ ಕೂರುವುದು.

ಪರದೆ ಬಟ್ಟೆ ಮಾರುವವಳನ್ನು ಎಲ್ಲರೂ ಪರದೆ ಅಕ್ಕ ಎನ್ನುತ್ತಿದ್ದರು. ಏಣಿಯ ಒಂದು ಕಾಲಿನ ರಬ್ಬರು ಕಿತ್ತುಹೋಗಿದೆ ಅಂತ ಅವಳು ಹೇಳಿ ಹೇಳಿ ಸಾಕಾಗಿದ್ದಳು. "ಹುಷಾರಾಗಿ ಹತ್ತು," ಎಂದಿದ್ದ ಯಜಮಾನ. ಹುಷಾರಾಗಿಯೇ ಹತ್ತಿದಳು. ಮೇಲಿನ ಖಾನೆಯಿಂದ ಮಖಮಲ್ಲಿನ ಥಾನು ಇಳಿಸುವಾಗ ಏಣಿ ಜಾರಿತು. ಪಾದ ಮಗುಚಿಕೊಂಡು ಬಿದ್ದಳು. ಓಡಿ ಬಂದ ಯಜಮಾನ ಮೊದಲು ಥಾನನ್ನು ಎತ್ತಿಸಿದ, ಆಮೇಲೆ ಅವಳನ್ನು.

ಕಾಲಿನ ಹರಡಿನ ಎರಡೂ ಪಕ್ಕದ ಮೂಳೆ ಮುರಿದಿತ್ತು. ಪಾದ ಊದಿ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಆಸ್ಪತ್ರೆಯಲ್ಲಿ ಊತ ಇಳಿಯುವವರೆಗೆ ಕಾದು, ಕುಯ್ದು, ಹೊರಗಿನ ಮೂಳೆಗೆ ಪ್ಲೇಟು, ಒಳಗಿನದಕ್ಕೆ ಸ್ಕ್ರೂ ಹಾಕಿದರು. ಡಾಕ್ಟರಮ್ಮ ಎಕ್ಸ್‌ರೇ ಎತ್ತಿ ಹಿಡಿದು ತೋರಿಸಿದರು.

"ಈ ಪ್ಲೇಟು ಮೂಳೆಗೆ ಆಸರೆ ಅಷ್ಟೇ. ಕೂಡಬೇಕಾದ್ದು ಮೂಳೆ. ಕೂಡೋಕೆ ಮುಂಚೆ ಕಾಲೂರಿ ನಿಂತರೆ ಸ್ಕ್ರೂ ಸಡಿಲ ಆಗತ್ತೆ, ಮತ್ತೆ ಕುಯ್ಯಬೇಕಾಗತ್ತೆ. ಆಗ ಪಾದ ಮಡಚದೇ ಹೋಗಬಹುದು, ಜೀವನಪೂರ್ತಿ."

"ಕೆಲಸಕ್ಕೆ ಯಾವಾಗ ಹೋಗಲಿ ಮೇಡಂ?"

"ಕೂತು ಮಾಡೋ ಕೆಲಸಾನಾ?"



ಮನೆಯಲ್ಲಿ ದಿಂಬಿನ ಮೇಲೆ ದಿಂಬು ಪೇರಿಸಿ, ಕಾಲನ್ನು ಎದೆಗಿಂತ ಎತ್ತರದಲ್ಲಿಟ್ಟು ಮಲಗಿದಳು. "ಕಾಲು ಮೇಲೆ ಹಾಕ್ಕೊಂಡು ಮಲಗೋ ಯೋಗ ನನ್ನ ಸೊಸೆಗೂ ಬಂತಪ್ಪ," ಎಂದು ಅತ್ತೆ ನಗಿಸಿದಳು. ನಗಿಸುತ್ತಲೇ ಮೈ ಒರೆಸಿದಳು, ತಲೆ ಬಾಚಿದಳು, ಬೆಡ್‌ಪ್ಯಾನು ತೊಳೆದಳು. ಹೊಲಿಗೆ ಬಿಚ್ಚಿದರು. ಕಂಕುಳ ಕೋಲು ಹಿಡಿದು ಬಚ್ಚಲಿಗೆ ಹೋಗುವಷ್ಟಾದಳು. ಆಗ ಯಜಮಾನನ ಫೋನು ಬಂತು.

"ಎಷ್ಟು ದಿನ ಅಂತ ನಿನ್ನ ಜಾಗ ಖಾಲಿ ಇಡ್ಲಿ? ಕೇಳ್ಕೊಂಡು ಬರೋರು ಬಾಗಿಲಲ್ಲೇ ನಿಂತಿದ್ದಾರೆ."

"ಕಾಲೂರಬಾರದು ಅಂದಿದ್ದಾರೆ ಯಜಮಾನ್ರೇ."

"ಬಾ, ಕೂರಿಸ್ತೀನಿ. ನಾನೇನು ಕಟುಕನಾ? ಆಪರೇಷನ್ ಮಾಡಿಸಿದ್ದು ಯಾರು? ನಿನ್ನ ಕಾಲೊಳಗಿರೋ ಕಬ್ಬಿಣ ನಂದು, ನೆನಪಿರಲಿ."

ಅಂಗಡಿಯ ಏಣಿಯಿಂದ ಬಿದ್ದವಳಿಗೆ ಆಪರೇಷನ್ ಮಾಡಿಸಿದ್ದನ್ನು ಈ ಮನುಷ್ಯ ಊರಿಗೆಲ್ಲ ಧರ್ಮದ ಹಾಗೆ ಹೇಳಿಕೊಂಡು ತಿರುಗುತ್ತಿದ್ದ. ಪರದೆ ಅಕ್ಕ ಆ ಮಾತು ನುಂಗಿಕೊಂಡು ಅಂಗಡಿಗೆ ಹೋದಳು. ಅವಳ ದುಡಿಮೆ ನಿಂತರೆ ಮನೆಯ ಒಲೆಯೂ ನಿಲ್ಲುತ್ತಿತ್ತು.

ಕೂರಲು ಏನೂ ಇರಲಿಲ್ಲ. ಕೇಳಿದ್ದಕ್ಕೆ, "ನಾಳೆ ತರಿಸ್ತೀನಿ," ಎಂದ. ನಾಳೆ ಬಂತು, ಕುರ್ಚಿ ಬರಲಿಲ್ಲ. ಕಂಕುಳ ಕೋಲು ಗಿರಾಕಿಗಳಿಗೆ ಅಪಶಕುನದ ಹಾಗೆ ಕಾಣುತ್ತದೆ ಅಂತ ಅದನ್ನು ಕೌಂಟರಿನ ಹಿಂದೆ ಇಡಿಸಿದ. ಪರದೆ ಅಕ್ಕ ಒಂಟಿಕಾಲಲ್ಲಿ ನಿಂತಳು. ಅದಲು ಬದಲು ಮಾಡಲು ಇನ್ನೊಂದು ಕಾಲಿರಲಿಲ್ಲ. ಪಾದ ಮಡಚದ ಕಾರಣ ಕುಕ್ಕರುಗಾಲಲ್ಲಿ ಕೂರುವ ನೆಪವೂ ಹೋಯಿತು. ಒಂಟಿಕಾಲು ಸೋತಾಗ ಮುರಿದ ಕಾಲು ತಾನಾಗಿ ನೆಲ ಮುಟ್ಟುತ್ತಿತ್ತು. ಕಣ್ಣು ಕತ್ತಲೆ ಬರುತ್ತಿತ್ತು. ಗಾಯ ಬಾಯಿಬಿಟ್ಟು ಕೀವು ಒಸರಿತು, ವಾಸನೆ ಬಂತು. ಯಜಮಾನ ಮೂಗು ಮುಚ್ಚಿಕೊಂಡ. ಕುರ್ಚಿ ಕಳಿಸಲಿಲ್ಲ. ಸೆಂಟಿನ ಡಬ್ಬಿ ಕಳಿಸಿದ, ಗಿರಾಕಿ ಬರುವ ಮುಂಚೆ ಅವಳ ಸುತ್ತ ಹೊಡೆಯಿರಿ ಅಂತ. ಇಂಥವರಿಗೂ ಅನ್ನ ಗಂಟಲಲ್ಲಿ ಇಳಿಯುತ್ತದೆ.

ಡಬ್ಬಿ ಹಿಡಿದು ಬಂದ ಹಾಸಿಗೆ ಚಾದರದವಳು ಹೊಡೆಯಲಿಲ್ಲ. ಪಕ್ಕದ ಕೌಂಟರಿನಲ್ಲೇ ನಿಲ್ಲುವವಳು, ಬಾಯಿ ಜೋರು.

"ಅಕ್ಕ, ನಾನು ಕಾರ್ಮಿಕರ ಕಚೇರಿಗೆ ಹೇಳ್ತೀನಿ."

"ಬೇಡ ಕಣೇ, ನಿನ್ನ ಕೆಲಸ ಹೋಗತ್ತೆ."

"ಹೋಗ್ಲಿ. ನಾಳೆ ನಾನು ಬಿದ್ರೆ ನನಗೂ ಸೆಂಟೇ ಹೊಡೀತಾರೆ."

ಅಧಿಕಾರಿ ಬಂದ. ಬರುವ ಸುದ್ದಿ ಅವನಿಗಿಂತ ಮುಂಚೆ ಬಂದಿತ್ತು. ಬೆಳಿಗ್ಗೆಯೇ ಹೊಸ ಕುರ್ಚಿಯೊಂದು ಪರದೆ ವಿಭಾಗ ಸೇರಿತ್ತು, ಸುತ್ತಿದ ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ. "ಅವರು ಬರೋ ತನಕ ಕೂರಬೇಡ, ಕೊಳೆ ಆಗತ್ತೆ," ಎಂದಿದ್ದ ಯಜಮಾನ. ಅಧಿಕಾರಿ ಮೆಟ್ಟಿಲು ಹತ್ತಿ ಏದುಸಿರು ಬಿಟ್ಟ. ಯಜಮಾನ ಓಡಿಹೋಗಿ ಆ ಕುರ್ಚಿಯನ್ನೇ ಅವನ ಹಿಂದೆ ಇಟ್ಟ. ಅಧಿಕಾರಿ ಕೂತ. ಪ್ಲಾಸ್ಟಿಕ್ಕು ಪರಪರ ಅಂದಿತು. ಹಣ್ಣಿನ ರಸ ಬಂತು, ಸೊರ್ರೆಂದು ಎಳೆದ.

"ಹೆಂಗಸರಿಗೆ ಕೂರೋ ವ್ಯವಸ್ಥೆ ಇಲ್ಲ ಅಂತ ದೂರು ಬಂದಿದೆಯಲ್ರೀ."

"ಇದೆಯಲ್ಲ ಸಾರ್. ತಾವು ಕೂತಿರೋದೇ ಅದು."

ಅಧಿಕಾರಿ ಕುರ್ಚಿಯ ಕೈ ಸವರಿ ತಲೆಯಾಡಿಸಿದ. ನಾಚಿಕೆ ಅನ್ನುವುದು ಇಬ್ಬರ ಮುಖದಲ್ಲೂ ಸುಳಿಯಲಿಲ್ಲ. ಅವನು ಪರದೆ ಅಕ್ಕನ ಕಡೆ ತಿರುಗಿದ. ಅವಳು ಕೌಂಟರಿನ ಅಂಚು ಹಿಡಿದು ಒಂಟಿಕಾಲಲ್ಲಿ ನಿಂತಿದ್ದಳು.

"ಏನಮ್ಮ, ಕುರ್ಚಿ ಕೊಟ್ಟಿದ್ದಾರಲ್ಲ?"

ಪರದೆ ಅಕ್ಕ ಯಜಮಾನನನ್ನು ನೋಡಿದಳು. ಅವನು ಹಲ್ಲು ಕಿರಿದು ಕಣ್ಣಲ್ಲೇ ಹೆದರಿಸುತ್ತಿದ್ದ. ಇಷ್ಟು ದಿನ ಅವಳನ್ನು ನಿಲ್ಲಿಸಿದ್ದು ಆ ಹೆದರಿಕೆಯೇ. ಈಗ ಅದರ ಜಾಗದಲ್ಲಿ ಹೇಸಿಗೆ ಮಾತ್ರ ಇತ್ತು.

"ನೀವು ಎದ್ರೆ ಕೂತ್ಕೋತೀನಿ ಸಾರ್," ಎಂದಳು.

ಅಧಿಕಾರಿ ನಕ್ಕ. ಏಳಲಿಲ್ಲ. ಲೋಟದಲ್ಲಿ ರಸ ಇನ್ನೂ ಇತ್ತು.

ಪರದೆ ಅಕ್ಕ ಕೌಂಟರಿನ ಮೇಲಿದ್ದ ಮಖಮಲ್ಲಿನ ಥಾನು ಎಳೆದು ನೆಲದ ಮೇಲೆ ಬಿಚ್ಚಿದಳು. ಕೈಯೂರಿ ಮೆಲ್ಲಗೆ ಅದರ ಮೇಲೆ ಕೂತಳು. ಮುರಿದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ, ಸುತ್ತಿಟ್ಟ ಇನ್ನೊಂದು ಥಾನಿನ ಮೇಲಿಟ್ಟಳು. ಬ್ಯಾಂಡೇಜು ಬಿಚ್ಚಿದಳು. ವಾಸನೆ ಅಧಿಕಾರಿಯ ಮೂಗಿಗೂ ಹೊಡೆಯಿತು. ಅವನು ಲೋಟ ಕೆಳಗಿಟ್ಟ.

"ಏಯ್, ಏಳು ಮೇಲೆ," ಯಜಮಾನನ ದನಿ ಕೀರಲಾಯಿತು.

ಚಾದರದವಳು ಬಂದು ಅಕ್ಕನ ಪಕ್ಕ ಕೂತಳು. ಟವೆಲ್ಲು ಮಾರುವವಳು ಕೂತಳು. ಗಾದಿಯವರು, ಮೇಜುಬಟ್ಟೆಯವರು, ಒಬ್ಬೊಬ್ಬರೇ ಬಂದು ಕೂತರು. ಕೆಲವರು ಚಪ್ಪಲಿ ಕಳಚಿ, ಉಬ್ಬಿದ ಪಾದ ಒತ್ತಿಕೊಂಡರು. ಮೆಟ್ಟಿಲಲ್ಲಿ ಗಿರಾಕಿಗಳ ಸದ್ದು ಕೇಳಿಸಿತು.

"ಗಿರಾಕಿ ಬರ್ತಿದ್ದಾರೆ, ಎದ್ದೇಳ್ರೇ," ಯಜಮಾನ ಈಗ ಬಹುತೇಕ ಬೇಡುತ್ತಿದ್ದ.

"ಬರ್ಲಿ ಬಿಡಿ," ಎಂದಳು ಪರದೆ ಅಕ್ಕ. "ಕೂತ್ಕೊಂಡೇ ತೋರಿಸ್ತೀವಿ."