ಎತ್ತಿಟ್ಟ ಅಂಗಿ

ನಮ್ಮ ಮನೆಯಲ್ಲಿ ಬಟ್ಟೆಗೆ ಸಾವಿಲ್ಲ. ಹೊರಗೆ ಹಾಕಿಕೊಳ್ಳುವ ಅಂಗಿ ಹಳೆಯದಾದರೆ ಮನೆಯ ಅಂಗಿ, ಅದೂ ಸವೆದರೆ ದಿಂಬಿನ ಗವಸು, ಆಮೇಲೆ ನೆಲ ಒರೆಸುವ ಬಟ್ಟೆ, ಕಡೆಗೆ ಒಲೆಯ ಪಕ್ಕದ ಮಸಿಬಟ್ಟೆ. ನನ್ನ ಗಂಡ ಕಾಲೇಜಿಗೆ ಹಾಕಿಕೊಂಡು ಹೋಗುತ್ತಿದ್ದ ಪ್ಯಾಂಟನ್ನು ಹಿಡಿದೇ ನಾನು ಈಗಲೂ ಹಾಲಿನ ಪಾತ್ರೆ ಇಳಿಸುತ್ತೇನೆ. ಈ ಚಿಂದಿ ಸಾಮ್ರಾಜ್ಯದ ಮಹಾರಾಣಿ ನಮ್ಮ ಅತ್ತೆ. ಹರಿದದ್ದು ಕಂಡರೆ ಸಾಕು, ಅವರ ಕೈ ತಾನಾಗಿಯೇ ಸೂಜಿಗೆ ಹೋಗುತ್ತದೆ.

ಹಳೆಯ ಬಟ್ಟೆ ಎಸೆಯದಿರಲು ಜನ ಕೊಡುವ ಕಾರಣ ಕೇಳಿದರೆ ಮೈ ಉರಿಯುತ್ತದೆ. ಮಹಡಿ ಮೇಲಿನ ನಿವೃತ್ತ ಮೇಡಂ ಭೂಮಿಯನ್ನು ಉಳಿಸುತ್ತಿದ್ದಾರಂತೆ. ಹಳೆಯ ಪರದೆಯಲ್ಲಿ ಚೀಲ ಹೊಲಿಸಿಕೊಂಡು, ಅದೇ ಚೀಲ ಹಿಡಿದು ಹೊಸ ಬಟ್ಟೆ ತರಲು ಹೋಗುತ್ತಾರೆ. ಎದುರು ಮನೆಯಾಕೆ ಮುಂದೆಂದೋ ತೆಳ್ಳಗಾಗುವ ಆಸೆಯಿಂದ ಬಿಗಿಯಾದದ್ದನ್ನೆಲ್ಲ ಕಪಾಟಿಗೆ ತುಂಬಿದ್ದಾಳೆ. ನನ್ನ ಗಂಡನಿಗೆ ಕಾರಣವೇ ಬೇಡ, ಎಸೆಯಬೇಕೆಂದರೆ ಕುರ್ಚಿಯಿಂದ ಏಳಬೇಕಲ್ಲ! ಅತ್ತೆಯದು ಶುದ್ಧ ಜಂಬ. ರಫೂ ಹಾಕಿದ್ದು ಗೊತ್ತೇ ಆಗುವುದಿಲ್ಲ ಎಂದು ಯಾರಾದರೂ ಹೊಗಳಿದರೆ ಅವತ್ತು ಎರಡು ತುತ್ತು ಹೆಚ್ಚು ಸೇರುತ್ತದೆ.

ಇಂಥ ಮನೆಗೆ ಒಂದು ಸಂಜೆ ನಾದಿನಿ ಶಾಲು ಹೊದ್ದು, ಬರಿಗೈಯಲ್ಲಿ ಬಂದಳು. ಶಾಲು ತೆಗೆದರೆ ಅಂಗಿಯ ತೋಳು ಭುಜದಿಂದ ಮೊಣಕೈವರೆಗೆ ಹರಿದಿತ್ತು, ಕಾಲರಿನಲ್ಲಿ ರಕ್ತ ಒಣಗಿತ್ತು. ಬಾಗಿಲು ತಗಲಿತು ಎಂದಳು. ಯಾವ ಬಾಗಿಲಿಗೆ ಐದು ಬೆರಳಿರುತ್ತವೋ ನಾ ಕಾಣೆ. ಫೋಟೊ ತೆಗೆಯೋಣ ಎಂದರೆ ಅಳುತ್ತಾ ಮುಖ ತಿರುಗಿಸಿಕೊಂಡಳು. ಅಂಗಿ ಬಿಚ್ಚಿ ಒಂದು ಚೀಲಕ್ಕೆ ತುರುಕಿ ಮಂಚದ ಕೆಳಗೆ ತಳ್ಳಿದಳು.

ಅವಳ ಪುಟ್ಟ ಮಗಳು ಗಂಡನ ಮನೆಯಲ್ಲೇ ಉಳಿದಿದ್ದಳು. ಅಳಿಯಂದಿರು ಫೋನಿನಲ್ಲಿ ಬೆಣ್ಣೆಯಂತೆ ಮಾತಾಡಿದರು. ತಾನು ಬೆರಳೂ ಸೋಕಿಸಿಲ್ಲ, ಇವಳಿಗೇ ತಲೆ ಸರಿಯಿಲ್ಲ, ಇಂಥವಳ ಕೈಗೆ ಮಗುವನ್ನು ಕೊಡುವುದಿಲ್ಲ ಎಂದರು. ನನ್ನ ಗಂಡ, ಎರಡು ಕಡೆಯದನ್ನೂ ಕೇಳಬೇಕಲ್ಲವೇ ಎಂದು ಟೀವಿ ಹಾಕಿಕೊಂಡ. ಅತ್ತೆ ಹೊಂದಿಕೊಂಡು ಹೋಗು ಎಂದರು.

ತೋಳಿನ ಗುರುತು ಮಾಸುವ ಹೊತ್ತಿಗೆ ನಾದಿನಿ ಮನಸ್ಸು ಗಟ್ಟಿ ಮಾಡಿಕೊಂಡಳು. ಮಗಳು ಬೇಕು, ಅದಕ್ಕೆ ದೂರು ಕೊಡುತ್ತೇನೆ ಎಂದಳು. ನನಗೆ ಪರಿಚಯವಿದ್ದ ವಕೀಲೆಗೆ ಫೋನು ಮಾಡಿಸಿದೆ. ನೋಡಿದವರಿಲ್ಲ, ಆಸ್ಪತ್ರೆಗೆ ಹೋಗಿಲ್ಲ, ಅವತ್ತಿನ ಬಟ್ಟೆಯಾದರೂ ಇದೆಯೇ ಎಂದು ಆಕೆ ಕೇಳಿದರಂತೆ. ಆ ಹೊತ್ತಿಗೆ ನಾನು ಕೆಲಸಕ್ಕೆ ಹೋಗಿದ್ದೆ. ಅತ್ತೆ ಕೋಣೆ ಗುಡಿಸುತ್ತಿದ್ದರು. ಅಂಗಿ ಎಲ್ಲಿ ಕಸಕ್ಕೆ ಹೋಗುತ್ತದೋ ಎಂಬ ಭಯಕ್ಕೆ ನಾದಿನಿ ಹೇಳಿದಳಂತೆ:

“ಅಮ್ಮ, ಮಂಚದ ಕೆಳಗೆ ನನ್ನ ಅಂಗಿ ಇದೆ. ಅದು ಬೇಕು, ಎತ್ತಿಡು.”

ಬೇರೆ ಮನೆಗಳಲ್ಲಿ ಎತ್ತಿಡು ಎಂದರೆ ಜೋಪಾನವಾಗಿಡು ಎಂದರ್ಥ. ನಮ್ಮಲ್ಲಿ ಹಾಗಲ್ಲ. ನೆನೆಹಾಕಿ, ಒಗೆದು, ಹೊಲಿದು, ಇಸ್ತ್ರಿ ಮಾಡಿ ಕಪಾಟಿಗೆ ಸೇರಿಸುವುದಕ್ಕೆ ನಮ್ಮಲ್ಲಿ ಎತ್ತಿಡುವುದು ಎನ್ನುತ್ತಾರೆ. ಇದೇ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಅಷ್ಟೂ ಹೊಳೆಯಬೇಡವೇ?

ವಕೀಲೆಯ ಕಚೇರಿಗೆ ಮೂವರೂ ಹೋದೆವು. ಅಂಗಿಯ ಚೀಲವನ್ನು ಅತ್ತೆಯೇ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ವಕೀಲೆ ಅಂಗಿ ಬಿಡಿಸಿ ಮೇಜಿನ ಮೇಲೆ ಹರಡಿದರು, ತೋಳನ್ನು ಮಗುಚಿದರು, ಕಿಟಕಿಯ ಬೆಳಕಿಗೆ ಹಿಡಿದರು. ಎಲ್ಲಿ ಹರಿದಿದೆ ಎಂದು ಕೇಳಿದರು.

ಅತ್ತೆಯ ಮುಖ ಅರಳಿತು. “ಕಾಣಲ್ಲ ಮೇಡಂ. ಒಳಗಡೆಯಿಂದ ಪಟ್ಟಿ ಕೊಟ್ಟಿದ್ದೀನಿ. ಉಪ್ಪುನೀರಲ್ಲಿ ನೆನೆಸಿದ್ದಕ್ಕೆ ಕಲೆನೂ ಹೋಯ್ತು.”

ನನಗೆ ನಗು ಬಂತು, ಅದರ ಬೆನ್ನಿಗೇ ಹೇಸಿಗೆಯೂ ಬಂತು. ತಾನು ಮಾಡಿದ್ದನ್ನು ಅಳಿಸಲು ಆ ಅಳಿಯನಿಗೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ನಾದಿನಿ ಅಂಗಿಯನ್ನು ನೋಡುತ್ತಾ ಕುಳಿತಿದ್ದಳು, ಕಣ್ಣಲ್ಲಿ ನೀರೂ ಇರಲಿಲ್ಲ.

ದೂರು ಕೊಡೋಣ, ಆದರೆ ಬರೀ ಬಾಯಿಮಾತಿನ ಮೇಲೆ ಕೆಲಸ ಬೇಗ ಸಾಗುವುದಿಲ್ಲ, ಮಗು ಸದ್ಯಕ್ಕೆ ಅಲ್ಲೇ ಇರಬೇಕಾಗಬಹುದು ಎಂದು ವಕೀಲೆ ನಿಧಾನವಾಗಿ ಬಿಡಿಸಿ ಹೇಳಿದರು. ಅತ್ತೆ ಒಮ್ಮೆ ಅವರನ್ನು, ಒಮ್ಮೆ ಮಗಳನ್ನು ನೋಡಿದರು. ತಾವು ಮಾಡಿದ್ದೇನೆಂದು ಆಗ ಅರ್ಥವಾಗಿರಬೇಕು. ತಟ್ಟನೆ ಎದ್ದು ಅಂಗಿಯನ್ನು ಕಿತ್ತುಕೊಂಡು, ತೋಳನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಬಟ್ಟೆ ಹರಿಯುವುದನ್ನು ಅವರು ಯಾವತ್ತೂ ಕಲಿತವರಲ್ಲ.

“ಬಿಡಮ್ಮ,” ಎಂದಳು ನಾದಿನಿ. “ಈಗ ಹರಿದ್ರೆ ಅದು ನೀನು ಹರಿದಿದ್ದು ಆಗತ್ತೆ.”

ಅತ್ತೆ ಬಿಡಲಿಲ್ಲ. ಮೊಮ್ಮಗಳನ್ನು ಕರೆಯುತ್ತಾ, ಹಲ್ಲು ಕಚ್ಚಿ ಎಳೆಯುತ್ತಲೇ ಇದ್ದರು. ಅವರು ಹಾಕಿದ್ದ ಒಂದು ಹೊಲಿಗೆಯೂ ಬಿಚ್ಚಲಿಲ್ಲ.