ತೂತು ಬಿದ್ದ ಕೊಪ್ಪರಿಗೆ

ಅಪ್ಪ ಆಂತೋಣಿ ತೀರಿಕೊಂಡು ತಿಂಗಳಾಗುತ್ತಿತ್ತು. ಭಾನುವಾರ ಚರ್ಚಿನಲ್ಲಿ ಪೂಜೆ, ಆಮೇಲೆ ಊರಿಗೆಲ್ಲ ಊಟ. ಅಡುಗೆಗೆ ಕೊಪ್ಪರಿಗೆ ತರಲು ನಾನೂ ಅಮ್ಮನೂ ಚಾವಡಿಗೆ ಹೋದೆವು.

ಮೇಟಗಳ್ಳಿಯಾಚೆಯ ನಮ್ಮ ಊರನ್ನು ಮೈಸೂರು ಎಂದೋ ನುಂಗಿದೆ. ಹೋದ ವರ್ಷ ಯಾವುದೋ ಟ್ರಸ್ಟಿನವರು ಚಾವಡಿಯನ್ನೂ ಮ್ಯೂಸಿಯಂ ಮಾಡಿದರು. ಬೀಗದ ಕೈ ಕೊಟ್ಟವನು ಚಾವಡಿ ನೋಡಿಕೊಳ್ಳುತ್ತಿದ್ದ ಅಪ್ಪನೇ. "ಇನ್ಮೇಲೆ ಗೆದ್ದಲು ಹಿಡಿಯಲ್ಲ ಬುಡು" ಎಂದು ಹಿಗ್ಗಿದ್ದ, ಪಾಪ.

ಆ ಕೊಪ್ಪರಿಗೆ ಅಮ್ಮ ತನ್ನ ಕಾಲ್ಗೆಜ್ಜೆ ಮಾರಿ ಊರಿಗೆ ಕೊಟ್ಟದ್ದು. ಮದುವೆಯಿರಲಿ, ಸಾವಿರಲಿ, ಹಿಂದೂಗಳಿರಲಿ, ನಾವಿರಲಿ, ಬೇಕಾದವರು ಹೊತ್ತೊಯ್ಯುತ್ತಿದ್ದರು. ಹುಣಸೆಹಣ್ಣು ಹಾಕಿ ತಿಕ್ಕಿ, ಒಳಗೊಂದು ಹಿಡಿ ಅಕ್ಕಿಯಿಟ್ಟು ಮತ್ತೆ ಚಾವಡಿಗೆ ತಂದಿಡುತ್ತಿದ್ದರು. ಖಾಲಿ ಪಾತ್ರೆ ಯಾರೂ ತಂದವರಲ್ಲ.

ಈಗ ಅದು ಕಟ್ಟೆಯ ಮೇಲೆ ಕೂತಿತ್ತು, ಸುತ್ತ ಕೆಂಪು ಹಗ್ಗ. ಪಕ್ಕದಲ್ಲಿ ಬೋರ್ಡು: 'ಹಿಂದಿನ ಕಾಲದ ಜನ ಇದರಲ್ಲಿ ಬೇಯಿಸಿ ಒಟ್ಟಿಗೆ ಉಣ್ಣುತ್ತಿದ್ದರು.'

"ಹಿಂದಿನ ಕಾಲದ ಜನವಾ? ನಾವೇನ್ ಸತ್ತೋದ್ವಾ?" ಅಮ್ಮ ಗುಡುಗಿದಳು.

ಮ್ಯೂಸಿಯಂ ನೋಡಿಕೊಳ್ಳುವ ಸುಂದರೇಶ ಓಡಿಬಂದ. "ಹಗ್ಗ ದಾಟ್ಬೇಡಿ ಅಮ್ಮಾ. ಅದನ್ನ ಹೊರಗೆ ಕೊಡಕ್ಕಾಗಲ್ಲ."

ಅಮ್ಮ ದಾಟಿಯೇಬಿಟ್ಟಳು. ಎತ್ತಲು ನೋಡಿದಳು, ಅಲ್ಲಾಡಲಿಲ್ಲ. ಒಳಗೆ ಕೈಯಾಡಿಸಿ ಗಕ್ಕನೆ ನಿಂತಳು. ತಳಕ್ಕೆ ತೂತು ಕೊರೆದು ಬೋಲ್ಟ್ ಹಾಕಿ ಕಟ್ಟೆಗೆ ಬಿಗಿದಿದ್ದರು.

"ಯಾರೂ ಕದೀಬಾರ್ದು ಅಂತ..." ಎಂದ ಸುಂದರೇಶ.

ನನ್ನ ಮೈಯೆಲ್ಲ ಉರಿದುಹೋಯಿತು. ಊರೆಲ್ಲ ಸುತ್ತಿದ ಕೊಪ್ಪರಿಗೆ ಒಂದು ದಿನವೂ ಕಳೆದಿರಲಿಲ್ಲ. ಕಾಯಲು ಬಂದವರೇ ಕೆಡಿಸಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ರೋಸ್ಲಿನ್, ಪ್ರಿನ್ಸ್‌ಗೆ ಫೋನ್ ಮಾಡು. ಸ್ಪ್ಯಾನರ್ ತಗೊಂಡ್ ಬರ್ಲಿ," ಎಂದಳು ಅಮ್ಮ ನನಗೆ.

ಗ್ಯಾರೇಜಿನಲ್ಲಿದ್ದ ತಮ್ಮ ಎಣ್ಣೆಗೈಯಲ್ಲೇ ಬಂದ.

"ಪೊಲೀಸ್‌ರನ್ನ ಕರೀತೀನಿ," ಸುಂದರೇಶ ಕೂಗಿದ.

"ಕರೀರಿ. ಭಾನುವಾರ ಅವ್ರಿಗೂ ಎಲೆ ಹಾಕ್ತೀವಿ," ಎಂದೆ.

ಬೋಲ್ಟ್ ಕಿತ್ತು ಬಂತು. ಪ್ರಿನ್ಸ್ ಕೊಪ್ಪರಿಗೆಯನ್ನು ಹೆಗಲಿಗೇರಿಸಿದ. ತೂತಿನಿಂದ ಬೆಳಕು ಇಣುಕಿತು. ಅಮ್ಮ ಅದನ್ನು ಬೆರಳಿನಿಂದ ಮುಚ್ಚಿದಳು, ಕಣ್ಣು ಕೆಂಪಾಗಿತ್ತು. "ಬೆಸುಗೆ ಹಾಕಿಸಿ, ಕಲಾಯಿ ಮಾಡಿಸೋಣ ನಡೀರಿ."

"ಮತ್ತೆ ಇಲ್ಲೇನಿಡ್ಲಿ?" ಸುಂದರೇಶನ ದನಿ ಇಳಿದಿತ್ತು.

ಅಮ್ಮ ಬೋಲ್ಟನ್ನು ಖಾಲಿ ಕಟ್ಟೆಯ ಮೇಲೆ ಕುಕ್ಕಿದಳು.

"ಇದನ್ನಿಡಪ್ಪ. ಉಣ್ಣೋ ಪಾತ್ರೆಗೆ ನೀವು ಹೊಡ್ದಿದ್ದು ಅಂತ ಬರ್ಸಿ ಹಾಕು."