ಗೇಟು ದಾಟಿದ ಅಂಗಿ

ಏಪ್ರಿಲಿನ ಸೆಖೆಗೆ ಮಂಗಲ್ಪಾಡಿಯ ಹೆಂಗಸರಿಗೆ ಇರುವ ಒಂದೇ ಪರಿಹಾರ ನೈಟಿ. ಅದರ ಮೇಲೆ ಮೈ ಒರೆಸುವ ಬೈರಾಸೊಂದನ್ನು ಹಾಕಿಕೊಂಡರೆ ಸಾಕು, ರಾತ್ರಿಯ ಬಟ್ಟೆ ಸಾಕ್ಷಾತ್ ಮರ್ಯಾದೆಯಾಗಿಬಿಡುತ್ತದೆ. ಮೀನಿನವನೊಡನೆ ಚೌಕಾಶಿ ಮಾಡಬಹುದು, ಓಟು ಕೇಳಲು ಬಂದವರನ್ನು ಮಾತಾಡಿಸಬಹುದು. ಆದರೆ ಎಲ್ಲವೂ ಗೇಟಿನವರೆಗೆ ಮಾತ್ರ. ಅದನ್ನು ದಾಟಬೇಕಾದರೆ ಸೀರೆಯೋ ಚೂಡಿದಾರವೋ ಆಗಲೇಬೇಕು.

ಸೌದಾಮಿನಿಗೆ ಈ ಗೇಟಿನ ಶಾಸ್ತ್ರ ಸಾಕಾಗಿತ್ತು. ಒಂದು ಪ್ಯಾಕೆಟ್ ಹಾಲಿಗಾಗಿ ಸೀರೆ ಸುತ್ತಿಕೊಂಡು ಬೆವರುವುದು ಯಾವ ಪುರುಷಾರ್ಥಕ್ಕೆ? ಒಂದು ಮಧ್ಯಾಹ್ನ ಹೊಸ ಅಂಗಿಯೊಂದರ ನಮೂನೆ ಬರೆಯಲು ಹಳೆಯ ಪೇಪರ್ ಹರಡಿ ಕುಳಿತಳು. ಮೇಲಿನ ಅರ್ಧಕ್ಕೆ ಗಂಡ ಪುರಂದರನ ಶರ್ಟಿನ ಅಳತೆ, ಕಾಲರ್ ಸಮೇತ. ಕೆಳಗಿನ ಅರ್ಧಕ್ಕೆ ತನ್ನ ನೈಟಿಯದ್ದು. ಎರಡನ್ನೂ ಸೊಂಟದಲ್ಲಿ ಕೂಡಿಸಿ ಹತ್ತಿಯ ಅಂಗಿ ಹೊಲಿಯಬೇಕು, ಅದನ್ನು ಹಾಕಿಕೊಂಡು ಉಪ್ಪಳ ಪೇಟೆಗೆ ಹೋಗಿ ಬರಬೇಕು. ಇಷ್ಟೇ ಅವಳ ಆಸೆ.

ಪುರಂದರ ಗಲ್ಫಿನಲ್ಲಿದ್ದಾಗ ಬಿರಿಯಾನಿ ತಿಂದು ಬೆಳೆಸಿದ ಹೊಟ್ಟೆಯ ಶರ್ಟು ಅದು ಎಂಬುದು ಬಟ್ಟೆ ಕತ್ತರಿಸಿದ ಮೇಲೆ ನೆನಪಾಯಿತು. ಹೆಚ್ಚಾದ ಬಟ್ಟೆಯನ್ನು ನೆರಿಗೆ ಹಿಡಿದು ಸೊಂಟಕ್ಕೆ ಕೂಡಿಸಿದಳು. ಗುಂಡಿಗಳೂ ಗಂಡಸರ ಬದಿಗೇ ಬಂದಿದ್ದವು. ಹಾಕಿಕೊಂಡು ನೋಡಿದರೆ ಗಾಳಿ ಒಳಗೆಲ್ಲ ಆರಾಮವಾಗಿ ಸುತ್ತಾಡಿತು.

ಅತ್ತೆ ಅಮ್ಮಣ್ಣಿ ಹೆಣ್ಣು ನೋಡಲು ಬಂದವರಂತೆ ಸುತ್ತ ತಿರುಗಿ ನೋಡಿದರು. "ಇದು ಶರ್ಟಾ, ನೈಟಿಯಾ?"

"ಎರಡೂ ಹೌದು ಅತ್ತೆ."

"ಗುಂಡಿ ಗಂಡಸರ ಬದಿಗೆ ಉಂಟಲ್ಲ?"

"ಸೆಖೆಗೆ ಅದೆಲ್ಲ ಗೊತ್ತಾಗುದಿಲ್ಲ."

"ಒಂದು ಬೈರಾಸಾದರೂ ಹಾಕ್ಕೊ ಮಾರಾಯ್ತಿ. ಜನ ಎಂತ ಹೇಳಿಯಾರು?"

ಹೀಗೆ ಹೇಳಿದ ಅಮ್ಮಣ್ಣಿಯವರ ನೈಟಿಯಲ್ಲಿ ಗುಂಡಿ ಎಂಬುದೇ ಉಳಿದಿರಲಿಲ್ಲ. ಅವರ ಮಾನವನ್ನೆಲ್ಲ ಬೈರಾಸೊಂದೇ ಹೊತ್ತುಕೊಂಡಿತ್ತು.

ಸೌದಾಮಿನಿ ಹಾಗೆಯೇ ಹೊರಟಳು. ಗೇಟು ದಾಟಿ ರಸ್ತೆಗೆ ಇಳಿದಳು. ಆಕಾಶವೇನೂ ಕಳಚಿ ಬೀಳಲಿಲ್ಲ. ಎದುರಾದ ದೇವಕಿ ಟೀಚರ್ ಬಟ್ಟೆ ಎಲ್ಲಿಂದ ತಂದದ್ದೆಂದು ಕೇಳಿದರು, ಆಟೋದವನು ಹತ್ತುತ್ತೀರಾ ಎಂದ. ಪೇಟೆ ಬರುವ ಹೊತ್ತಿಗೆ ಅವಳಿಗೆ ಖುಷಿಯೇ ಆಗಿತ್ತು.

ಅಲ್ಲಿ ಕುಂಞಣ್ಣನ ಹೋಟೆಲಿನ ಬೆಂಚಿನಲ್ಲಿ ಗೆಳೆಯರ ನಡುವೆ ಪುರಂದರ ಕುಳಿತಿದ್ದ. ಲುಂಗಿಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಶರ್ಟಿನ ಗುಂಡಿಗಳನ್ನೆಲ್ಲ ಬಿಚ್ಚಿ ಎದೆಗೆ ಗಾಳಿ ಹಾಕಿಕೊಳ್ಳುತ್ತಿದ್ದ. ಹೆಂಡತಿಯನ್ನು ಕಂಡದ್ದೇ ತಡ, ಗೋಡೆಯ ಮೇಲಿನ ತಿಂಡಿಯ ಬೋರ್ಡನ್ನು ಪರೀಕ್ಷೆಗೆ ಓದುವವನಂತೆ ಓದತೊಡಗಿದ. ದಿನವೂ ಅಲ್ಲೇ ಕೂರುವವನಿಗೆ ಅದರಲ್ಲಿ ಹೊಸದೇನಿತ್ತೋ!

ಸೌದಾಮಿನಿಗೆ ನೋವಾಯಿತು. ಊರೆಲ್ಲ ನಕ್ಕಿದ್ದರೂ ಅವಳು ಸಹಿಸುತ್ತಿದ್ದಳು. ಇವನು ನಗಲೂ ಇಲ್ಲ. ತಿರುಗಿ ಮನೆಗೆ ಹೋಗಿಬಿಡೋಣ ಅನ್ನಿಸಿತು. ಹೋದರೆ ಈ ಅಂಗಿಯನ್ನು ಇನ್ನೊಮ್ಮೆ ಹಾಕುವ ಧೈರ್ಯ ತನಗೆ ಬರುವುದಿಲ್ಲವೆಂದೂ ಗೊತ್ತಿತ್ತು. ನೇರ ಒಳಗೆ ಹೋಗಿ ಅವನ ಎದುರಿನ ಬೆಂಚಿನಲ್ಲಿ ಕುಳಿತಳು.

"ಕುಂಞಣ್ಣ, ಒಂದು ಚಾ. ಒಂದು ಪ್ಲೇಟ್ ಗೋಳಿಬಜೆ."

ಕುಂಞಣ್ಣನಿಗೆ ತಮಾಷೆ ಅನ್ನಿಸಿತು. "ಎಂತ ಪುರಂದರಣ್ಣ, ಅಕ್ಕ ಬಂದದ್ದು ಕಾಣ್ಲಿಲ್ವಾ?"

ಪುರಂದರ ಬಾಯಿ ತೆರೆಯುವ ಮೊದಲೇ ಸೌದಾಮಿನಿ ಹೇಳಿದಳು: "ಪಾಪ, ಅವರನ್ನು ಎಂತಕ್ಕೆ ಕೇಳ್ತೀರಿ? ನಮಗೆ ಪರಿಚಯ ಇಲ್ಲ."